ಎರಡು ನೂಲಿನ ಎತ್ತರ

ಏಕನಕ್ಷೆ ಬರುವ ಮೊದಲು ನಾವು ಹೇಗೆ ಕಟ್ಟುತ್ತಿದ್ದೆವು ಎಂದು ಈಗಿನವರಿಗೆ ಹೇಳಿದರೆ ನಗುತ್ತಾರೆ. ಒಂದು ಕಟ್ಟಡಕ್ಕೆ ಏಳು ನಕ್ಷೆ ಇರುತ್ತಿದ್ದವು. ವಿನ್ಯಾಸದವರದ್ದು ಒಂದು, ಸರಳು ಕಟ್ಟುವವರದ್ದು ಒಂದು, ಸೆಂಟ್ರಿಂಗಿನವರದ್ದು ಮತ್ತೊಂದು. ಹೀಗೆ ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಸುರುಳಿ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಪೈಪಿನವರು ತಮ್ಮ ನಕ್ಷೆ ನಂಬಿ ತೂತು ಕೊರೆದರು. ಕೊರೆದದ್ದು ತೊಲೆಯ ನಡುವನ್ನು. ತೊಲೆಯವರ ನಕ್ಷೆಯಲ್ಲಿ ಆ ಪೈಪೇ ಇರಲಿಲ್ಲ. ತಪ್ಪು ಯಾರದ್ದೆಂದು ಗೊತ್ತುಮಾಡಲು ಹನ್ನೊಂದು ಸಭೆ ನಡೆದವು. ಹನ್ನೊಂದರಲ್ಲೂ ಚಹಾ ಚೆನ್ನಾಗಿತ್ತು, ಅಷ್ಟೇ.

ಏಕನಕ್ಷೆ ಬಂದ ಮೇಲೆ ಆ ತಮಾಷೆಗಳೆಲ್ಲ ಮುಗಿದವು. ಹೆಸರೇ ಹೇಳುವಂತೆ ಎಲ್ಲರಿಗೂ ಒಂದೇ ನಕ್ಷೆ. ಅದು ಕಾಗದದ ಮೇಲೆ ಸತ್ತು ಬಿದ್ದಿರುವುದಿಲ್ಲ. ಕಾಂಕ್ರೀಟಿನ ಜೊತೆ ಜೋಳದ ಕಾಳಿನ ಗಾತ್ರದ ಗೋಲಿಗಳನ್ನು ಬೆರೆಸುತ್ತಾರೆ. ಒಳಗೆ ಎಷ್ಟು ಕಾವಿದೆ, ಎಷ್ಟು ಭಾರ ಬಿದ್ದಿದೆ, ಯಾವ ಭಾಗ ಎಷ್ಟು ಬಾಗಿದೆ ಎಂದು ಆ ಗೋಲಿಗಳು ಕ್ಷಣಕ್ಷಣಕ್ಕೂ ಹೇಳುತ್ತಿರುತ್ತವೆ. ಅದನ್ನು ಕೇಳಿ ನಕ್ಷೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಧಾರವಾಡದಲ್ಲಿ ಕೂತ ಮುಖ್ಯ ಎಂಜಿನಿಯರಿಗೆ ಕಂಡದ್ದೇ ಕಾಂಕ್ರೀಟಿಗೆ ನೀರು ಹೊಡೆಯುವವಳ ಕೈಯಲ್ಲಿರುವ ಪುಟ್ಟ ಪರದೆಯ ಹಲಗೆಯಲ್ಲೂ ಕಾಣುತ್ತದೆ. ಓದಲು ಬಾರದವರಿಗೆ ಅದು ಮಾತಿನಲ್ಲಿ ಹೇಳುತ್ತದೆ, ಅವರವರ ಭಾಷೆಯಲ್ಲಿ. ಒಂದು ಕೆಲಸ ಯಾರ್‍ಯಾರಿಗೆ ತಾಗುತ್ತದೋ ಅವರೆಲ್ಲ ಒಪ್ಪಿಗೆ ಒತ್ತುವ ತನಕ ಕೆಲಸ ಮುಂದೆ ಹೋಗುವುದಿಲ್ಲ. ಎಂಜಿನಿಯರ್ ಸಾಹೇಬರನ್ನು ನೀರು ಹೊಡೆಯುವವಳು ತಡೆದು ನಿಲ್ಲಿಸಿದ್ದನ್ನು ನಾನು ಮೊದಲ ಸಲ ನೋಡಿದಾಗ ಎದ್ದು ಚಪ್ಪಾಳೆ ಹೊಡೆಯಬೇಕು ಅನ್ನಿಸಿತ್ತು. ನೌಕರಿಯ ಭಯಕ್ಕೆ ಸುಮ್ಮನಿದ್ದೆ.

ನಾನು ಕಸ್ತೂರಿ ಬಳಿಗಾರ. ರಾಯಚೂರು ಸೀಮೆಯ ಬೋರನಗಡ್ಡೆಯ ಸೇತುವೆಗೆ ಏಕನಕ್ಷೆ ನೋಡಿಕೊಳ್ಳುವವಳು ನಾನೇ ಆಗಿದ್ದೆ. ಬೋರನಗಡ್ಡೆ ಎಂದರೆ ಕೃಷ್ಣಾ ನದಿಯ ನಡುವಿನ ಆರುನೂರು ಜನರ ನಡುಗಡ್ಡೆ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯವರು ಗೇಟು ಎತ್ತಿದರೆ ನಾಲ್ಕು ತಿಂಗಳು ಹರಿಗೋಲೂ ನಡೆಯುವುದಿಲ್ಲ, ದೋಣಿಯೂ ನಡೆಯುವುದಿಲ್ಲ. ಹಿಂದಿನ ವರ್ಷ ಹಾವು ಕಚ್ಚಿದ ಹೆಣ್ಣುಮಗಳೊಬ್ಬಳನ್ನು ದಡಕ್ಕೆ ತರಲಾಗದೆ ಕಳೆದುಕೊಂಡಿದ್ದರು. ಆದ್ದರಿಂದ ಈ ಸಲ ನೀರು ಬರುವುದರೊಳಗೆ ಸೇತುವೆ ಕೂಡಲೇಬೇಕು ಎಂಬುದು ಎಲ್ಲರ ಹಟವಾಗಿತ್ತು.

ನದಿಯ ಎರಡೂ ಕಡೆಯಿಂದ ಎರಡು ತೋಳು ಚಾಚಿದಂತೆ ಸೇತುವೆ ಬೆಳೆಯುತ್ತಿತ್ತು. ಒಂದೊಂದು ಕಡೆ ಹದಿನೆಂಟು ತುಂಡು, ನಡುವೆ ಕೂಡಿಸುವ ತುಂಡು ಒಂದು. ಕಾಂಕ್ರೀಟಿನ ಭಾರಕ್ಕೆ ತೋಳು ತುಸು ಬಾಗುತ್ತದೆ. ಆದ್ದರಿಂದ ಪ್ರತಿ ತುಂಡಿನ ಅಚ್ಚನ್ನು ಬಾಗುವಷ್ಟೇ ಮೊದಲೇ ಎತ್ತಿ ಇಡಬೇಕು. ಎಷ್ಟು ಎತ್ತಬೇಕು ಎಂದು ಏಕನಕ್ಷೆ ಹೇಳುತ್ತಿತ್ತು.

ದಡದ ಕಡೆಯ ಮೇಸ್ತ್ರಿ ಹುಸೇನಪ್ಪ. ಅರವತ್ತೊಂದು ವರ್ಷ, ನಲವತ್ತು ವರ್ಷದ ಕೆಲಸ, ಮಾತು ಕಡಿಮೆ. ನಾನು ಬಾಡಿಗೆಗಿದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲೇ. ಊಟವೂ ಅವರ ಒಲೆಯದ್ದೇ. ಅವರನ್ನು ಕಾಕಾ ಎಂದೂ ಅವರ ಹೆಂಡತಿ ಹನುಮವ್ವನನ್ನು ಕಾಕಿ ಎಂದೂ ಕರೆಯುತ್ತಿದ್ದೆ. ಕಾಕಿಯ ಪುಂಡಿಪಲ್ಲೆ ತಿಂದವರು ಆ ಮನೆ ಬಿಟ್ಟು ಹೋಗುವ ಮಾತನ್ನೇ ಆಡುವುದಿಲ್ಲ.

ಗಡ್ಡೆಯ ಕಡೆಯ ಮೇಸ್ತ್ರಿ ತಾಯಮ್ಮ ಅಂಬಿಗೇರ. ಮೂರು ವರ್ಷದ ಹಿಂದೆ ಹರಿಗೋಲಿಗೆ ಹುಟ್ಟು ಹಾಕುತ್ತಿದ್ದವಳು. ಹಾವು ಕಚ್ಚಿ ಸತ್ತವಳು ಅವಳ ಅಕ್ಕ. ಸೇತುವೆಯ ಕೆಲಸ ಶುರುವಾದಾಗಲೇ ಗಡ್ಡೆಯ ಹೆಂಗಸರನ್ನು ಕಟ್ಟಿಕೊಂಡು ಸೆಂಟ್ರಿಂಗ್ ಕಲಿತಿದ್ದಳು. ಕಲಿತದ್ದು ಯಾರಿಂದ ಎಂದರೆ ಹುಸೇನಪ್ಪ ಕಾಕಾನಿಂದ, ಆದರೆ ಅವರ ಮುಖ ನೋಡದೆ. ಕಾಕಾ ಹಗಲಲ್ಲಿ ಮಾಡಿದ ಕೆಲಸವೆಲ್ಲ ಏಕನಕ್ಷೆಯಲ್ಲಿ ಉಳಿಯುತ್ತಿತ್ತು. ಅದನ್ನು ಅವಳು ಸಂಜೆ ಮತ್ತೆ ಮತ್ತೆ ಓಡಿಸಿ ನೋಡುತ್ತಿದ್ದಳು. ಅರ್ಥವಾಗದ್ದನ್ನು ಮರುದಿನ ಬೆಳಗ್ಗೆ ನಕ್ಷೆಯಲ್ಲೇ ಕೇಳುತ್ತಿದ್ದಳು. ಇವರು ನಕ್ಷೆಯಲ್ಲೇ ಉತ್ತರ ಹೇಳುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ನದಿಯ ಆಚೆ ಈಚೆ ನಿಂತ ಇಬ್ಬರು, ಒಬ್ಬರನ್ನೊಬ್ಬರು ಹತ್ತಿರದಿಂದ ನೋಡದೆ ಗುರು ಶಿಷ್ಯೆ ಆಗಿದ್ದರು. ಯಂತ್ರಗಳು ಮನುಷ್ಯರನ್ನು ದೂರ ಮಾಡುತ್ತವೆ ಎಂದು ಭಾಷಣ ಬಿಗಿಯುವವರನ್ನು ಒಂದು ದಿನ ನಮ್ಮ ನಕ್ಷೆಮನೆಗೆ ಕರೆತಂದು ಕೂರಿಸಬೇಕು ಎಂದು ನನಗೆ ಆಗಾಗ ಅನ್ನಿಸುತ್ತಿತ್ತು.

ನಕ್ಷೆಮನೆ ಎಂದರೆ ದಡದ ಮೇಲಿನ ತಗಡಿನ ಕೋಣೆ. ನೀರು ಬಿಡಲು ಹನ್ನೆರಡು ದಿನ ಉಳಿದಿದ್ದಾಗ, ಅಲ್ಲಿನ ಗೋಡೆಯಗಲದ ಪರದೆಯ ಮೇಲೆ ಕೆಂಪು ಬಣ್ಣ ಕಾಣಿಸಿಕೊಂಡಿತು. ಗಡ್ಡೆಯ ತೋಳು ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಮೊದಮೊದಲ ತುಂಡುಗಳಲ್ಲಿ ವ್ಯತ್ಯಾಸ ಕೂದಲಿನಷ್ಟಿದ್ದುದರಿಂದ ಯಾರೂ ಗಣನೆಗೆ ತಂದಿರಲಿಲ್ಲ. ತೋಳು ಉದ್ದವಾದಂತೆ ಅದೂ ಬೆಳೆದಿತ್ತು. ನಮ್ಮ ದಡದ ತೋಳು ಮಾತ್ರ ಗೆರೆ ಎಳೆದ ಹಾಗೆ ಇರಬೇಕಾದಲ್ಲೇ ಇತ್ತು.

ಎರಡೂ ಕಡೆಯದ್ದು ಒಂದೇ ಸಿಮೆಂಟು, ಒಂದೇ ಜಲ್ಲಿ, ಒಂದೇ ಅಳತೆ. ಹಾಗಿದ್ದೂ ಒಂದು ತೋಳು ಗಟ್ಟಿಯಾಗಿ, ಇನ್ನೊಂದು ಮೆತ್ತಗೆ ವರ್ತಿಸುತ್ತಿದೆ ಎಂದ ಮೇಲೆ ಏಕನಕ್ಷೆ ತನಗೆ ತಿಳಿದ ಒಂದೇ ತೀರ್ಮಾನಕ್ಕೆ ಬಂತು: ಗಡ್ಡೆಯ ಕಡೆಯ ಕಾಂಕ್ರೀಟು ಕಚ್ಚಾ, ಬಹುಶಃ ನೀರು ಹೆಚ್ಚಾಗಿದೆ. ಧಾರವಾಡದಿಂದ ಮುಖ್ಯ ಎಂಜಿನಿಯರ್ ಪ್ರಭಂಜನ ದೇಸಾಯರು ಮೂರು ಸಲ ಲೆಕ್ಕ ನೋಡಿದರು. ಅವರು ಸಿಟ್ಟಿನ ಮನುಷ್ಯರಲ್ಲ. ಬೇಸರದ ದನಿಯಲ್ಲೇ ಹೇಳಿದರು, ಕಚ್ಚಾ ಕಾಂಕ್ರೀಟಿಗೆ ಸೇತುವೆ ಕೂಡಿಸಲು ಬರುವುದಿಲ್ಲ, ಗಡ್ಡೆಯ ಕಡೆಯ ಕೊನೆಯ ಮೂರು ತುಂಡು ಒಡೆಯಬೇಕು. ಒಡೆದು ಮತ್ತೆ ಹಾಕಲು ಎರಡು ತಿಂಗಳು. ಎಂದರೆ ಈ ಮಳೆಗಾಲವೂ ಗಡ್ಡೆ ಒಂಟಿ. ಜೊತೆಗೆ ತಾಯಮ್ಮನ ಕೈಗುರುತು ಹೋಗುತ್ತದೆ. ಕೈಗುರುತು ಎಂದರೆ ಏಕನಕ್ಷೆಯಲ್ಲಿ ಕೆಲಸ ಮಾಡುವವರ ಸಹಿ. ಅದು ಹೋದವರನ್ನು ರಾಜ್ಯದ ಯಾವ ಕೆಲಸಕ್ಕೂ ಸೇರಿಸುವುದಿಲ್ಲ. ಮರುದಿನ ಹತ್ತು ಗಂಟೆಗೆ ಸಭೆ ಎಂದು ಗೊತ್ತಾಯಿತು.

ಆ ಸಂಜೆ ಊಟಕ್ಕೆ ಕೂತಾಗ ಕಾಕಾ ತಾಯಮ್ಮನ ಪರವಾಗಿಯೇ ಮಾತಾಡಿದರು. ಆಕೆ ಒಂದು ಚೆಂಬು ನೀರು ಹೆಚ್ಚು ಹಾಕುವ ಹೆಣ್ಣಲ್ಲ, ನಿಮ್ಮ ಯಂತ್ರಕ್ಕೇ ತಲೆ ಕೆಟ್ಟಿದೆ ಎಂದರು. ಯಂತ್ರವನ್ನು ಅಂದರೆ ನನಗೆ ತವರಿಗೆ ಅಂದ ಹಾಗಾಗುತ್ತದೆ. ಅದು ಹೇಗೆ ಲೆಕ್ಕ ಮಾಡುತ್ತದೆ ಎಂದು ಬಿಡಿಸಿ ಹೇಳಲು ಹೊರಟೆ. ಪ್ರತಿ ತುಂಡೂ ಮೊದಲು ಬೀಳುವುದು ನಿಮ್ಮ ಕಡೆ, ನಿಮ್ಮ ತೋಳು ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಡಿಮೆ ಬಾಗುತ್ತಿದೆ ಕಾಕಾ, ಅದನ್ನು ಕಂಡು ನಕ್ಷೆ ಈ ಕಾಂಕ್ರೀಟು ನಾವು ತಿಳಿದದ್ದಕ್ಕಿಂತ ಗಟ್ಟಿ ಎಂದು ಕಲಿತುಕೊಂಡಿತು, ಗಟ್ಟಿಯಿದ್ದರೆ ಅಚ್ಚನ್ನು ಅಷ್ಟು ಎತ್ತಬೇಕಾಗಿಲ್ಲವಲ್ಲ, ಅದಕ್ಕೇ ಎರಡೂ ಕಡೆಗೆ ಎತ್ತರ ಕಡಿಮೆ ಮಾಡುತ್ತ ಬಂತು ಎಂದೆ.

ಕಾಕಾ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು.

"ಕಸ್ತೂರವ್ವ, ನಮ್ಮ ಕಡೀದು ನೋಡಿ ಅವರಿಗೆ ಎತ್ತರ ಹೇಳ್ತೈತೇನದು?"

ಹೌದು ಎಂದೆ. ಅದೇ ಅದರ ದೊಡ್ಡತನ, ಒಬ್ಬರು ಕಲಿತದ್ದು ಎಲ್ಲರಿಗೂ ಸಿಗುತ್ತದೆ ಎಂದು ಹೆಮ್ಮೆಯಿಂದ ಸೇರಿಸಿದೆ. ಕಾಕಾ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಕಾಕಿ ಒಲೆಯ ಮುಂದಿನಿಂದ ಎದ್ದು ಬಂದು ಏನಾಯಿತೆಂದು ಕೇಳಿದರು.

"ಎರಡು ನೂಲು ಎತ್ತೀನಿ ನಾನು," ಎಂದರು ಕಾಕಾ. "ಅಳತಿ ಆದ ಮ್ಯಾಲ. ಹದಿನೆಂಟು ತುಂಡಿಗೂ."

ಒಂದು ಇಂಚಿಗೆ ಎಂಟು ನೂಲು. ಎರಡು ನೂಲು ಎಂದರೆ ಬಳಪದ ದಪ್ಪ. ಆದದ್ದಿಷ್ಟು. ಬೆಳಗ್ಗೆ ಏಕನಕ್ಷೆಯ ಬೆಳಕಿನ ಕಣ್ಣು ಅಚ್ಚಿನ ಎತ್ತರ ಅಳೆದು ಸರಿ ಎನ್ನುತ್ತಿತ್ತು. ಅದಾದ ಮೇಲೆ, ಕಾಂಕ್ರೀಟು ಬೀಳುವ ಮುಂಚೆ, ಕಾಕಾ ಆ ಕಣ್ಣಿಗೆ ಬೀಳದಂತೆ ಅಚ್ಚಿನ ಕೆಳಗೆ ಇಳಿದು, ಅದನ್ನು ಹೊತ್ತ ಜಾಕಿನ ತಿರುಪನ್ನು ಚೂರು ತಿರುಗಿಸಿ ಬರುತ್ತಿದ್ದರು. ನಲವತ್ತು ವರ್ಷದ ಅಭ್ಯಾಸ ಅದು. ಅವರಿಗೆ ಕೆಲಸ ಕಲಿಸಿದ ಸೋದರಮಾವ ಹೇಳಿಕೊಟ್ಟದ್ದು: ಕಾಗದಕ್ಕೆ ಭಾರ ಗೊತ್ತಿರುವುದಿಲ್ಲ, ಎರಡು ನೂಲು ನಮ್ಮ ಕಡೆಯಿಂದ ಇರಲಿ. ಈ ಸೀಮೆಯ ಹಳೆಯ ಮೇಸ್ತ್ರಿಗಳೆಲ್ಲ ಹಾಗೆ ಮಾಡುತ್ತಿದ್ದರು. ಮಾಡುತ್ತೇವೆಂದು ಹೇಳುತ್ತಿರಲಿಲ್ಲ. ಹೇಳಿದರೆ ಎಂಜಿನಿಯರಿಗೆ ಅವಮಾನ ಎಂಬ ಮರ್ಯಾದೆ ಬೇರೆ. ಏಳು ನಕ್ಷೆಯ ಕಾಲದಲ್ಲಿ ಆ ಎರಡು ನೂಲು ಎಷ್ಟೋ ಛಾವಣಿ ಉಳಿಸಿದೆ, ಅದನ್ನೂ ನಾನು ಒಪ್ಪುತ್ತೇನೆ. ಆದರೆ ಈಗ ಅದನ್ನು ಕೇಳಿಸಿಕೊಳ್ಳುವ ಕಿವಿ ಕಾಂಕ್ರೀಟಿನ ಒಳಗೇ ಇತ್ತು. ತೋಳು ಎರಡು ನೂಲು ಮೇಲಿದೆ ಎಂದರೆ ಎರಡು ನೂಲು ಕಡಿಮೆ ಬಾಗಿದೆ ಎಂದು ಅದು ನಂಬಿತು. ನಂಬಿ ತಾಯಮ್ಮನಿಗೆ ಕಡಿಮೆ ಎತ್ತರ ಹೇಳಿತು. ಅವಳು ಹೇಳಿದಷ್ಟನ್ನೇ ಕೂದಲೆಳೆ ತಪ್ಪದಂತೆ ಇಟ್ಟಳು. ಒಬ್ಬರು ಗುಟ್ಟಾಗಿ ಸೇರಿಸಿದ್ದು ನದಿಯ ಆಚೆ ಇನ್ನೊಬ್ಬರ ಕೈಯಲ್ಲಿ ತಪ್ಪಾಗಿ ಕಾಣಿಸಿಕೊಂಡಿತು.

ನನ್ನೊಳಗೆ ಸಂಕಟ, ಸಿಟ್ಟು, ಜೊತೆಗೆ ಬೆರಗೂ ಇತ್ತು ಎಂದರೆ ನಾಚಿಕೆಯಾಗುತ್ತದೆ. ಎರಡು ನೂಲನ್ನೂ ಮರೆಯದೆ ಎದೆಯಲ್ಲಿಟ್ಟುಕೊಂಡ ಆ ನಕ್ಷೆ ನನಗೆ ಆ ಗಳಿಗೆಯಲ್ಲೂ ದೊಡ್ಡದಾಗಿಯೇ ಕಂಡಿತು.

ಕಾಕಾ ನನ್ನನ್ನು ಒಂದು ಮಾತು ಕೇಳಿದರು. ಹೆಸರು ಹೇಳದೆ ನೀನೇ ನಕ್ಷೆಯಲ್ಲಿ ತಿದ್ದಿಬಿಡಲು ಬರುತ್ತದೇನವ್ವ ಎಂದು. ಬರುವುದಿಲ್ಲ ಎಂದೆ. ಮಾಡಿದ ಕೆಲಸವನ್ನು ಮಾಡಿದ ಕೈಯೇ ಹೇಳಬೇಕು, ಇಲ್ಲದಿದ್ದರೆ ಏಕನಕ್ಷೆ ತೆಗೆದುಕೊಳ್ಳುವುದಿಲ್ಲ. ಹೇಳಿದರೆ ಅವರ ಕೈಗುರುತು ಹೋಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ನಾನೇ ಹೋಗಿ ದೇಸಾಯರಿಗೆ ಹೇಳಬೇಕಿತ್ತು ಎಂದು ನೀವು ಅನ್ನಬಹುದು. ಬೆಳಗ್ಗೆ ಹತ್ತರ ತನಕ ಕಾಯುವುದು, ಅವರು ಸುಮ್ಮನಿದ್ದರೆ ನಾನೇ ಬಾಯಿ ಬಿಡುವುದು ಎಂದು ನಿರ್ಧರಿಸಿ ಎದ್ದೆ. ಅವರ ಅನ್ನ ತಿಂದವಳಿಗೆ ಅದಕ್ಕಿಂತ ಹೆಚ್ಚಿನ ಧೈರ್ಯ ಬರಲಿಲ್ಲ. ಕಾಕಿ ಮಾತ್ರ ತಟ್ಟೆ ಎತ್ತುತ್ತ ಗಂಡನ ಮುಖ ನೋಡದೆ ಹೇಳಿದರು:

"ಅಕಿ ಹೆಸರು ಕೆಡಿಸಿ ನಿಮ್ಮ ಹೆಸರು ಉಳಿಸ್ಕೊಂಡ್ರ, ಈ ಮನ್ಯಾಗ ಆ ಹೆಸರು ಹಿಡಿದು ಕರಿಯೋರು ಯಾರದಾರ?"

ಸಭೆಗೆ ಯಾರೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನಾನೂ ಕಾಕಾನೂ ನಕ್ಷೆಮನೆಯಲ್ಲಿ ಕೂತೆವು, ಉಳಿದವರು ಇದ್ದಲ್ಲಿಂದಲೇ, ಒಟ್ಟು ನಲವತ್ತೊಂದು ಜನ ಏಕನಕ್ಷೆಯೊಳಗೆ ಕೂಡಿದರು. ಪರದೆಯ ಮೇಲೆ ಎರಡು ತೋಳು, ಅವುಗಳ ಕೆಳಗೆ ಮಾತಾಡುವವರ ಹೆಸರು. ದೇಸಾಯರು ತಾಯಮ್ಮನಿಗೆ ಹೇಳುವುದೇನಿದ್ದರೂ ಹೇಳಲು ಕೇಳಿಕೊಂಡರು. ಅವಳು ಅಳಲಿಲ್ಲ, ಯಾರನ್ನೂ ದೂರಲಿಲ್ಲ. ಒಂದೊಂದು ತುಂಡಿಗೆ ಎಷ್ಟು ನೀರು, ಯಾರು ಹಾಕಿದರು, ಆ ದಿನ ಬಿಸಿಲು ಹೇಗಿತ್ತು ಎಂದು ಹದಿನೆಂಟನ್ನೂ ಬಾಯಿಪಾಠದಂತೆ ಹೇಳಿದಳು. ಕೊನೆಗೆ, ನಾನು ಹುಸೇನಪ್ಪಣ್ಣನ ಕೆಲಸ ನೋಡಿ ಕಲಿತವಳು, ಅವರದ್ದು ಸರಿ ಬಂದು ನನ್ನದು ತಪ್ಪಿದೆ ಎಂದರೆ ನಾನು ನೋಡಿದ್ದರಲ್ಲೇ ಏನೋ ತಪ್ಪಿರಬೇಕು, ಒಡೆಯಿರಿ, ಮತ್ತೆ ಕಟ್ಟುತ್ತೇವೆ, ನೀರು ಬಂದಾಗ ಮಾತ್ರ ನಮ್ಮನ್ನು ಮರೆಯಬೇಡಿ ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಕಾಕಾನ ಹೆಸರು ಬೆಳಗಿತು.

"ನಾ ಹುಸೇನಪ್ಪ ಮಾತಾಡೂದು. ತಾಯಮ್ಮಂದು ತಪ್ಪಿಲ್ರಿ. ಅಳತಿ ಆದ ಮ್ಯಾಲ ನಾನ ಜಾಕ್ ತಿರುವೀನಿ, ತುಂಡಿಗೆ ಎರಡು ನೂಲು. ಯಾರಿಗೂ ಹೇಳಿಲ್ಲ. ನಮ್ಮ ಮಂದಿಗೂ ಗೊತ್ತಿಲ್ಲ. ನನ್ನ ಕೈಗುರುತು ತೊಗೊಳ್ರಿ, ಅಕಿದು ಬಿಡ್ರಿ."

ಏಕನಕ್ಷೆ ತಡಮಾಡಲಿಲ್ಲ. ಹೇಳಿದ್ದು ಮಾಡಿದ ಕೈಯೇ ಆದ್ದರಿಂದ ಅದು ಆ ಮಾತನ್ನು ತೆಗೆದುಕೊಂಡು ಹದಿನೆಂಟು ತುಂಡಿನ ಲೆಕ್ಕವನ್ನೂ ಮೊದಲಿನಿಂದ ಮಾಡತೊಡಗಿತು. ಎರಡು ವರ್ಷದ ಸೇತುವೆ ನಮ್ಮ ಕಣ್ಣೆದುರು ಮತ್ತೆ ಒಂದೊಂದೇ ತುಂಡಾಗಿ ಬೆಳೆಯಿತು. ನಾಲ್ಕು ನಿಮಿಷ ಹಿಡಿಯಿತು. ಗಡ್ಡೆಯ ತೋಳಿನ ಕೆಂಪು ತಿಳಿಯಾಗುತ್ತ, ಹಳದಿಯಾಗುತ್ತ, ಹಸಿರಾಯಿತು. ತೋಳು ಇನ್ನೂ ನಾಲ್ಕು ಬೆರಳು ಕೆಳಗೇ ಇತ್ತು, ಆದರೆ ಎರಡೂ ಕಡೆಯ ಕಾಂಕ್ರೀಟು ಒಂದೇ ಗಟ್ಟಿ. ತಾಯಮ್ಮನ ಕೆಲಸದಲ್ಲಿ ತೆಗೆಯಲು ಒಂದು ಹುಳುಕೂ ಇರಲಿಲ್ಲ. ಏಳು ನಕ್ಷೆಯ ಕಾಲವಾಗಿದ್ದರೆ ಹನ್ನೊಂದು ಸಭೆ ನಡೆದು, ಹೆಂಗಸು ಎಂದು ಅವಳ ತಲೆಗೇ ಕಟ್ಟಿ ಮುಗಿಸುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡೆ.

ಮೊದಲು ಮಾತಾಡಿದವಳು ತಾಯಮ್ಮ.

"ಎರಡು ವರ್ಷ ದಿನಾ ಸಂಜೀಕ ನಿಮ್ಮ ಕೈ ನೋಡೀನಿ ಅಣ್ಣಾ. ತಪ್ಪು ನನ್ನ ಮ್ಯಾಲ ಬಂದದ್ದಕ್ಕ ಬ್ಯಾಸರಿಲ್ಲ. ಕಲಿಸೋವಾಗ ಅದೊಂದು ಯಾಕ ಮುಚ್ಚಿಟ್ರಿ?"

ನನ್ನ ಪಕ್ಕದಲ್ಲೇ ಕೂತಿದ್ದ ಕಾಕಾ ತಲೆಯ ರುಮಾಲು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡರು.

ದೇಸಾಯರು ಕೆಲಸದ ಮನುಷ್ಯರು, ಕೂಡಲೇ ಮುಂದಿನದಕ್ಕೆ ಬಂದರು. ಕಾಂಕ್ರೀಟು ಗಟ್ಟಿಯಿದ್ದ ಮೇಲೆ ಒಡೆಯುವ ಮಾತಿಲ್ಲ. ಗಡ್ಡೆಯ ತೋಳಿನ ತುದಿಯಲ್ಲಿದ್ದ ಭಾರದ ಯಂತ್ರಗಳನ್ನು ಹಿಂದಕ್ಕೆ ಸರಿಸಿದರೆ ಅದು ಎರಡು ಬೆರಳು ಮೇಲೇಳುತ್ತದೆ. ನಮ್ಮ ತೋಳಿನ ತುದಿಯಲ್ಲಿ ತೊಟ್ಟಿ ಇಟ್ಟು ನೀರು ತುಂಬಿಸಿದರೆ ಇದು ಎರಡು ಬೆರಳು ಇಳಿಯುತ್ತದೆ. ಎರಡೂ ಸಮನಾದಾಗ ಹಿಡಿದು ಕಟ್ಟಿ ನಡುವಿನ ತುಂಡು ಹಾಕಬೇಕು. ಎಷ್ಟು ನೀರು ಎಂಬುದನ್ನು ಏಕನಕ್ಷೆ ಈಗ ಸರಿಯಾಗಿ ಹೇಳಬಲ್ಲದು. ಒಂಬತ್ತು ದಿನದ ಕೆಲಸ, ಹನ್ನೊಂದು ದಿನ ಕೈಯಲ್ಲಿದೆ.

ಆದರೆ ಕೂಡಿಸುವ ತುಂಡಿಗೆ ಎರಡೂ ಕಡೆಯ ಮೇಸ್ತ್ರಿಯ ಒಪ್ಪಿಗೆ ಬೇಕು. ನಿಯಮದಂತೆ ಹುಸೇನಪ್ಪನ ಕೈಗುರುತು ಆ ಕ್ಷಣಕ್ಕೇ ಮಂಕಾಗಿತ್ತು. ಬೇರೆ ಮೇಸ್ತ್ರಿಯನ್ನು ಕರೆಸಿ ಕೆಲಸ ಒಪ್ಪಿಸಲು ಆರು ದಿನವಾದರೂ ಬೇಕು. ನಿಯಮದಲ್ಲಿ ಇನ್ನೊಂದು ದಾರಿಯಿತ್ತು, ಅಷ್ಟು ವರ್ಷದಲ್ಲಿ ಯಾರೂ ಬಳಸಿರಲಿಲ್ಲ. ಅದೇ ನಕ್ಷೆಯಲ್ಲಿ ಕೆಲಸ ಮಾಡುವ ಇನ್ನೊಬ್ಬ ಮೇಸ್ತ್ರಿ ತನ್ನ ಕೈಗುರುತನ್ನು ಒತ್ತೆ ಇಟ್ಟು ಮಂಕಾದ ಗುರುತನ್ನು ಉಳಿಸಬಹುದು. ಆಮೇಲೆ ಗುರುತು ಉಳಿದವರು ತಪ್ಪಿದರೆ ಆ ತಪ್ಪು ಒತ್ತೆ ಇಟ್ಟವರ ಹೆಸರಿಗೂ ಸೇರುತ್ತದೆ. ಈ ನಿಯಮವನ್ನು ಓದಿ ಹೇಳುವುದು ನನ್ನ ಕೆಲಸ. ಓದಿದೆ. ಕೊನೆಯ ಸಾಲು ಮುಗಿಯುವ ಮೊದಲೇ ಹುಸೇನಪ್ಪನ ಹೆಸರಿನ ಪಕ್ಕದಲ್ಲಿ ತಾಯಮ್ಮನ ಗುರುತು ಬಂದು ಕೂತಿತ್ತು. ನಿಯಮ ಪೂರ್ತಿ ಕೇಳಿದೆಯಾ ತಾಯಮ್ಮ ಎಂದು ದೇಸಾಯರು ಕೇಳಿದರು. ಅವಳ ದನಿಯಲ್ಲಿ ಇನ್ನೂ ಮುನಿಸಿತ್ತು.

"ಕೇಳೀನ್ರಿ. ಇನ್ನ ಮ್ಯಾಲ ಅವರು ಮುಚ್ಚಿಡಾಂಗಿಲ್ಲ."

ಆ ಒಂಬತ್ತು ದಿನ ನಕ್ಷೆಮನೆಯಲ್ಲಿ ನಾನು ಕೇಳಿದ್ದನ್ನು ಸಾಯುವ ತನಕ ಮರೆಯಲಾರೆ. ಮಾತು ಕಡಿಮೆಯ ಹುಸೇನಪ್ಪ ಕಾಕಾ ಬಾಯಿ ಮುಚ್ಚಲಿಲ್ಲ. ಜಾಕಿಗೆ ಕೈ ಹಾಕಿದರೆ ಹೇಳುತ್ತಿದ್ದರು, ತೆಗೆದರೆ ಹೇಳುತ್ತಿದ್ದರು. ಕಾಲು ಸುತ್ತು ತಿರುವಿದೆ, ಯಾಕೆಂದರೆ ಅಚ್ಚಿನ ಹಲಗೆ ಬಿಸಿಲಿಗೆ ಹಿಗ್ಗಿದೆ. ಇಲ್ಲಿ ತಿರುವುವುದಿಲ್ಲ, ಯಾಕೆಂದರೆ ಬೋಲ್ಟು ಹೊಸದು. ನಲವತ್ತು ವರ್ಷದಲ್ಲಿ ಕೈಗೆ ಮಾತ್ರ ಗೊತ್ತಿದ್ದದ್ದು ಬಾಯಿಗೆ ಬರತೊಡಗಿತ್ತು. ಎಷ್ಟೋ ಸಂಗತಿ ಯಾವ ಪುಸ್ತಕದಲ್ಲೂ ಇಲ್ಲದ್ದು. ಏಕನಕ್ಷೆ ಅದನ್ನೆಲ್ಲ ಗೋಲಿಗಳ ಮಾತಿನ ಜೊತೆ ಹೊಂದಿಸಿ ನೋಡಿ, ಸರಿಯಿದ್ದದ್ದಕ್ಕೆ ಸರಿ ಎಂದಿತು, ಎರಡು ಸಲ ಅವರ ಮಾತು ಕೇಳಿ ತನ್ನ ಲೆಕ್ಕವನ್ನೇ ತಿದ್ದಿಕೊಂಡಿತು. ದೇಸಾಯರು ಧಾರವಾಡದಲ್ಲಿ ಊಟ ಬಿಟ್ಟು ಕೇಳುತ್ತಿದ್ದರಂತೆ. ತಾಯಮ್ಮ ಮೊದಲೆರಡು ದಿನ ಹೂಂ, ಹಾಂ ಎಂದಷ್ಟೇ ಅಂದಳು. ಮೂರನೇ ದಿನ, ಹಲಗೆ ಹಿಗ್ಗಿದ್ದು ಕೈಗೆ ಹೇಗೆ ತಿಳಿಯುತ್ತದೆ ಅಣ್ಣಾ ಎಂದು ಕೇಳಿದಳು. ಆ ದಿನ ಕಾಕಾ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದರು.

ತೊಟ್ಟಿಗೆ ನೀರು ತುಂಬಿದ ದಿನ ಕಾಕಿಯೂ ದಡಕ್ಕೆ ಬಂದಿದ್ದರು. ನಮ್ಮ ತೋಳು ಇಳಿಯುವುದು ಕಣ್ಣಿಗೆ ಕಾಣುವಂಥದ್ದಲ್ಲ, ಪರದೆಯ ಮೇಲಷ್ಟೇ ಅಂಕಿ ಬದಲಾಗುತ್ತದೆ. ಆದರೂ ನೂರಾರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಗಡ್ಡೆಯ ತುದಿಯಲ್ಲಿ ತಾಯಮ್ಮನ ಹೆಂಗಸರು, ದಡದ ತುದಿಯಲ್ಲಿ ಕಾಕಾ. ಎರಡು ಅಂಕಿಗಳೂ ಒಂದೇ ಆದಾಗ ಕಾಕಾ ಪರದೆ ನಂಬದೆ ನಕ್ಷೆಯಲ್ಲಿ ಕೂಗಿ ಕೇಳಿದರು, ನಿನ್ನ ಕಡೆ ಹೇಗಿದೆಯವ್ವ ಎಂದು. ಸಮ ಇದೆ ಎಂದು ಅವಳು ಹೇಳಿದ ಮೇಲೆಯೇ ಒಪ್ಪಿಗೆ ಒತ್ತಿದರು. ಆ ಮಧ್ಯಾಹ್ನ ನಡುವಿನ ತುಂಡಿಗೆ ಕಾಂಕ್ರೀಟು ಬಿತ್ತು.

ಹನ್ನೆರಡನೇ ದಿನ ಬೆಳಗ್ಗೆ ಗೇಟು ಎತ್ತಿದರು. ನದಿ ಕೆಂಪಾಗಿ ಉಕ್ಕಿ ಬಂತು. ಸೇತುವೆಯ ಮೇಲೆ ಇನ್ನೂ ಡಾಂಬರು ಬಿದ್ದಿರಲಿಲ್ಲ, ನಡೆದಾಡಲು ಮಾತ್ರ ಅಪ್ಪಣೆ ಸಿಕ್ಕಿತ್ತು. ಕಾಕಾ ಹೊಸ ಪಂಚೆ ಉಟ್ಟು ಈ ಕಡೆಯಿಂದ ಹೊರಟರು. ನಾನು ನಕ್ಷೆಯ ಹಲಗೆ ಹಿಡಿದುಕೊಂಡು ಹಿಂದೆ. ಆ ಕಡೆಯಿಂದ ತಾಯಮ್ಮ ಬಂದಳು. ಎತ್ತರದ ಹೆಣ್ಣು. ಧ್ವನಿ ಕೇಳಿ ಗಿಡ್ಡನೆಯವಳು ಎಂದುಕೊಂಡಿದ್ದೆ. ಇಬ್ಬರೂ ಎದುರಾಬದುರಾ ನಿಂತರು. ಕಾಕಾ ಕೈ ಮುಗಿಯಲು ಹೋದರು, ಅವಳು ಆ ಕೈಗಳನ್ನು ಹಿಡಿದುಕೊಂಡಳು. ಕೆಳಗೆ ನೀರು ಕಂಬಗಳಿಗೆ ಬಡಿದು ಹೋಗುತ್ತಿತ್ತು.

ಆಮೇಲೆ ಕಾಕಾ ಕೆಳಗೆ ಕೂತು, ಕೂಡಿದ ಗೆರೆ ಎಲ್ಲಿದೆ ಎಂದು ಅಂಗೈಯಿಂದ ಕಾಂಕ್ರೀಟು ಸವರತೊಡಗಿದರು. ಆ ಕಡೆ ಸವರಿದರು, ಈ ಕಡೆ ಸವರಿದರು. ತಾಯಮ್ಮನೂ ಕೂತಳು.

"ಎಲ್ಲಿ ಕೂಡೇತಿ ಹೇಳವ್ವ, ನನ್ನ ಕೈಗೆ ಸಿಗವಲ್ದು."

"ನನ್ನ ಕೈಗೂ ಸಿಗವಲ್ದು ಅಣ್ಣಾ," ಎಂದಳು ಅವಳು, ನಗುತ್ತ, ಕಣ್ಣು ಒರೆಸಿಕೊಳ್ಳುತ್ತ.

ನನ್ನ ಹಲಗೆಯಲ್ಲಿ ಆ ಗೆರೆ ಅವರ ಮೊಣಕಾಲಿನ ಹತ್ತಿರವೇ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಹೇಳಲಿಲ್ಲ.